ಪದಚರ್ಚೆ: ಬ್ಯಾಗ್-ವಾಲ್ವ್-ಮಾಸ್ಕ್ – ಒತ್ತುವುದೇ, ಹಿಂಡುವುದೇ, ಅಮುಕುವುದೇ?

ಪ್ರಶ್ನೆ

ಮಾನ್ಯರೇ, ಉಸಿರಾಟ ನಿಂತವರಿಗೆ ಬ್ಯಾಗ್-ವಾಲ್ವ್-ಮಾಸ್ಕ್ (ಮುಖಕ್ಕಿಡುವ ಮಾಸ್ಕಿಗೆ ಕವಾಟದೊಡನೆ ಜೋಡಿಸಿದ ಗಾಳಿಚೀಲ) ಮೂಲಕ ಉಸಿರು ಕೊಡುವ ಕ್ರಮವನ್ನು ತಿಳಿಸುವ ಗೋಡೆಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅದು ಅಚ್ಚಿಗೆ ಹೋಗಬೇಕು. ಉಪಕರಣಕ್ಕೆ ‘ಉಸಿರುಚೀಲ’ ಎಂದು ಬರೆದುಕೊಂಡಿದ್ದೇನೆ. ‘ವೆಂಟಿಲೇಶನ್’ಗೆ ‘ವಾತಾಯನ’ ಎಂದರೆ ಓದುಗರು ಕಿಟಕಿಯ ಕಡೆ ನೋಡುತ್ತಾರೆ. ಅದಕ್ಕಿಂತ ತೊಡಕಾಗಿರುವುದು ಚೀಲವನ್ನು ಏನು ಮಾಡಬೇಕೆಂದು ಹೇಳುವ ಕ್ರಿಯಾಪದ. ಒತ್ತಿ, ಹಿಂಡಿ, ಹಿಸುಕಿ – ಇವುಗಳಲ್ಲಿ ಯಾವುದು ಸರಿ?

ಉತ್ತರ 1

‘ಉಸಿರುಚೀಲ’ ಬೇಡ. ಗಾಳಿಯೂದುವ ಚೀಲಕ್ಕೆ ‘ತಿದಿ’ ಎಂಬ ಅಚ್ಚಗನ್ನಡ ಪದವಿರುವಾಗ ಹೊಸತನ್ನು ಹೊಸೆಯುವುದೇಕೆ? ‘ಉಸಿರುದಿದಿ’ ಎನ್ನಿ, ದಕಾರ ಹೇಗೆ ಬಂತೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ವೆಂಟಿಲೇಶನ್‌ಗೆ ‘ಉಸಿರೂಡಿಕೆ’ ಸಾಕು. ‘ಉಸಿರು’ ತಮಿಳಿನ ‘ಉಯಿರ್’ನ ಒಡಹುಟ್ಟು, ಅದನ್ನು ‘ಶ್ವಾಸ’ದ ತದ್ಭವ ಎನ್ನುವವರಿಗೆ ನಾನು ಉತ್ತರಿಸುವುದಿಲ್ಲ. ಕ್ರಿಯಾಪದ ಹುಡುಕುವ ಅಗತ್ಯವೂ ಇಲ್ಲ: ತಿದಿಯೊತ್ತಿ.

ಉತ್ತರ 2

‘ಉಸಿರೂಡಿಕೆ’ ತಲೆಬರಹಕ್ಕೆ ಚೆನ್ನಾಗಿ ಒಪ್ಪುತ್ತದೆ. ತಿದಿಯನ್ನು ಮಾತ್ರ ಒಪ್ಪಲಾರೆ. 18ನೆಯ ಶತಮಾನದ ಯುರೋಪಿನಲ್ಲಿ ನೀರಿನಲ್ಲಿ ಮುಳುಗಿದವರನ್ನು ಬದುಕಿಸಲು ನಿಜವಾದ ತಿದಿಗಳನ್ನೇ ಬಳಸುತ್ತಿದ್ದರು. ಅತಿಯಾಗಿ ಊದಿದರೆ ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆಂದು 1820ರ ದಶಕದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ತಿಳಿದ ಮೇಲೆ ಆ ಪದ್ಧತಿ ಹಿಂದೆ ಸರಿಯಿತು. ಈ ಚೀಲದ ಬಳಕೆಯಲ್ಲಿ ಇಂದಿಗೂ ಪದೇ ಪದೇ ಕಾಣುವ ತಪ್ಪು ಅದೇ, ಅಂದರೆ ಜೋರಾಗಿ ಮತ್ತು ಬೇಗ ಬೇಗ ಊದುವುದು. ವಯಸ್ಕರ ಚೀಲ ಸುಮಾರು 1.5 ಲೀಟರ್ ಗಾಳಿ ಹಿಡಿಯುತ್ತದೆ. ಬೇಕಾಗಿರುವುದು 500ರಿಂದ 600 ಮಿಲಿಲೀಟರ್, ಅದೂ 1 ಸೆಕೆಂಡಿನ ಅವಧಿಯಲ್ಲಿ, ಎದೆ ಏಳುವುದು ಕಣ್ಣಿಗೆ ಕಾಣುವಷ್ಟು ಮಾತ್ರ. ಅದನ್ನು ಮೀರಿದರೆ ಗಾಳಿ ಹೊಟ್ಟೆಗೆ ನುಗ್ಗಿ ಒಳಗಿದ್ದದ್ದು ಬಾಯಿಗೆ ಬರಬಹುದು, ಎದೆಗೂಡಿನ ಒಳಗಿನ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತವೂ ತಗ್ಗುತ್ತದೆ.

ಹೀಗಿರುವಾಗ ಒಳಗಿರುವುದನ್ನೆಲ್ಲ ಹೊರಡಿಸುವ ಅರ್ಥದ ‘ಹಿಂಡಿ’ ಸಲ್ಲದು. ‘ಹಿಸುಕಿ’ ಎಂದೊಡನೆ ಕತ್ತು ನೆನಪಾಗುತ್ತದೆ. ‘ಒತ್ತಿ’ಯ ತೊಂದರೆ ಬೇರೆ: ಫಲಕದಲ್ಲಿ 30 ಸಲ ಎದೆ ‘ಒತ್ತಿ’ ಎಂದು ಬರೆದು, ಮರುಸಾಲಿನಲ್ಲೇ 2 ಸಲ ಚೀಲ ‘ಒತ್ತಿ’ ಎಂದರೆ, ಗಾಬರಿಯಲ್ಲಿ ಓದುವವರು ಎರಡನ್ನೂ ಒಂದೇ ಬಿರುಸಿನಿಂದ ಮಾಡುತ್ತಾರೆ. ‘ಮೆಲ್ಲನೆ ಅಮುಕಿ, ಎದೆ ಏಳುತ್ತಲೇ ಬಿಡಿ’ ಎನ್ನಿ.

‘ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿಯಿರಿ’ ಎಂದು ಬರೆದಿದ್ದರೆ ದಯವಿಟ್ಟು ಈಗಲೇ ಹೊಡೆದುಹಾಕಿ. ಹಾಗೆ ಒತ್ತಿದರೆ ದವಡೆ ಹಿಂದಕ್ಕೆ ಸರಿದು ನಾಲಿಗೆ ಗಾಳಿಯ ದಾರಿಯನ್ನು ಮುಚ್ಚುತ್ತದೆ. ಕತ್ತಿಗೆ ಪೆಟ್ಟಾಗಿರುವ ಶಂಕೆಯಿಲ್ಲದಿದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ಮಾಸ್ಕನ್ನು ಹಿಡಿದು, ಉಳಿದ ಮೂರು ಬೆರಳುಗಳನ್ನು ಗಲ್ಲದ ಕೆಳಗಿನ ಮೆದು ಭಾಗಕ್ಕೆ ತಾಗಿಸದೆ ದವಡೆಯ ಎಲುಬಿಗೇ ಕೊಟ್ಟು ಮೇಲೆತ್ತಬೇಕು. ಆದ್ದರಿಂದ ‘ದವಡೆಯನ್ನು ಮಾಸ್ಕಿನತ್ತ ಎತ್ತಿ’ ಎಂದೇ ಅಚ್ಚಾಗಲಿ. ಇಬ್ಬರಿದ್ದರೆ ಒಬ್ಬರು ಎರಡೂ ಕೈಗಳಿಂದ ಮಾಸ್ಕ್ ಹಿಡಿಯಬೇಕು, ಇನ್ನೊಬ್ಬರು ಚೀಲ ಅಮುಕಬೇಕು ಎಂಬ ಸಾಲೂ ಇರಲಿ.

ಹೆಸರಿನ ಮಾತಿಗೆ ಬಂದರೆ, ಕೈಯಲ್ಲಿ ಹಿಡಿಯುವವರು ಅದನ್ನು ಕರೆಯುವುದು ‘ಅಂಬು ಬ್ಯಾಗ್’ ಎಂದು. ಅದು 1956ರಲ್ಲಿ ಇದನ್ನು ಮಾರುಕಟ್ಟೆಗೆ ತಂದ ಡೆನ್ಮಾರ್ಕಿನ ತಯಾರಕರ ಹೆಸರು. ಬಳಕೆಯಲ್ಲಿ ಎಂದೋ ವಸ್ತುವಿನ ಹೆಸರಾಗಿದೆ.

ಉತ್ತರ 1 ಬರೆದವರಿಂದ

ಕಂಪನಿಯ ಹೆಸರನ್ನು ಕನ್ನಡದ ಪದವೆಂದು ಒಪ್ಪಿಸುವವರೊಡನೆ ವಾದ ವ್ಯರ್ಥ. ‘ಅಮುಕು’ ನಮ್ಮದೇ ಪದ, ಅದಕ್ಕೆ ಆಕ್ಷೇಪವಿಲ್ಲ. ‘ಮಾಸ್ಕ್’ ಏಕೆ? ‘ಮೊಗವಾಡ’ ಸತ್ತಿದೆಯೇ?

ಉತ್ತರ 2 ಬರೆದವರಿಂದ

ಸತ್ತಿಲ್ಲ, ರಂಗದ ಮೇಲೆ ಚೆನ್ನಾಗಿಯೇ ಇದೆ. ‘ಮಾಸ್ಕ್ ಕೊಡಿ’ ಎಂದೊಡನೆ ಕೈ ನೀಡುವವರು ‘ಮೊಗವಾಡ ಕೊಡಿ’ ಎಂದರೆ ಒಂದು ಕ್ಷಣ ತಡೆಯುತ್ತಾರೆ, ಮತ್ತು ಆ ಕ್ಷಣ ರೋಗಿಯದು.

ಪ್ರಶ್ನೆ ಕೇಳಿದವರಿಂದ

ತಲೆಬರಹ ‘ಉಸಿರೂಡಿಕೆ’, ಒಳಗೆ ‘ಅಂಬು ಬ್ಯಾಗ್’, ‘ಮಾಸ್ಕ್’, ‘ಅಮುಕಿ’, ‘ಎತ್ತಿ’ ಎಂದು ತಿದ್ದಿದ್ದೇನೆ. ಶ್ವಾಸನಾಳಕ್ಕೆ ಕೊಳವೆ ಹಾಕಿದ ನಂತರದ ಸಾಲನ್ನು ‘ಪ್ರತಿ 6 ಸೆಕೆಂಡಿಗೊಮ್ಮೆ’ ಎಂದು ಬರೆದಿದ್ದೆ. ‘ಪ್ರತಿ’ ಮತ್ತು ‘ಒಮ್ಮೆ’ ಎರಡೂ ಬೇಕಿಲ್ಲವೆಂದು ‘6 ಸೆಕೆಂಡಿಗೊಮ್ಮೆ’ ಎಂದಷ್ಟೇ ಉಳಿಸಿಕೊಂಡಿದ್ದೇನೆ.