ಅಪ್‌ಡೇಟ್: ಯಜಮಾನರ ಆಫೀಸ್ ಟೂರ್ ಜೊತೆ ದೆಹಲಿ, ಕಮ್ಮಿ ಖರ್ಚಲ್ಲಿ

ಯಜಮಾನರು ಸೋಮವಾರದಿಂದ ಶುಕ್ರವಾರ ಮೀಟಿಂಗ್‌ನಲ್ಲಿದ್ದಾಗ ಒಬ್ಬಳೇ ದೆಹಲಿ ನೋಡೋದು ಹೇಗೆ ಅಂತ ಕೇಳಿದ್ದೆ. ಸಲಹೆ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ಉಪಯೋಗಕ್ಕೆ ಬಂದಿದ್ದು ಇಷ್ಟು.

ಮೊದಲು ರೂಮು. ಕಂಪನಿ ಬುಕಿಂಗ್ ಸಾಮಾನ್ಯವಾಗಿ ಒಬ್ಬರ ಹೆಸರಲ್ಲೇ ಇರುತ್ತೆ, ತಿಂಡಿಯೂ ಒಬ್ಬರಿಗೇ. ಹೊರಡೋ ಮುಂಚೆಯೇ ಎರಡನೇ ಹೆಸರು ಸೇರಿಸಿ ಅಂತ ಹೋಟೆಲ್‌ಗೆ ಮೇಲ್ ಹಾಕಿ. ಹೆಚ್ಚುವರಿ ದುಡ್ಡಿಗೆ ಬೇರೆ ಬಿಲ್ ಮಾಡಿಸಿ, ಇಲ್ಲಾಂದ್ರೆ ಆಫೀಸ್ ಬಿಲ್ ಪಾಸಾಗುವಾಗ ತಕರಾರು.

ಸೋಮವಾರ ಕೆಂಪು ಕೋಟೆ, ನ್ಯಾಷನಲ್ ಮ್ಯೂಸಿಯಂ, ಲೋಟಸ್ ಟೆಂಪಲ್, ಅಕ್ಷರಧಾಮ ಎಲ್ಲಕ್ಕೂ ರಜೆ. ಅವತ್ತಿಗೆ ಕುತುಬ್ ಮಿನಾರ್ ಇಟ್ಕೊಳ್ಳಿ. ಅದೇ ಹೆಸರಿನ ಮೆಟ್ರೋ ಸ್ಟೇಷನ್ ಇದ್ರೂ ಮಿನಾರ್ ಪಕ್ಕದಲ್ಲಿಲ್ಲ, ಆಟೋ ಬೇಕು. ವಾಪಸ್ ಬರುವಾಗ ಅದೇ ಹಳದಿ ಲೈನಲ್ಲಿ ಜೋರ್ ಬಾಗ್‌ನಲ್ಲಿ ಇಳಿದ್ರೆ ಲೋಧಿ ಗಾರ್ಡನ್, ಟಿಕೆಟ್ ಇಲ್ಲ. ತಾಜ್ ಮಹಲ್ ಶುಕ್ರವಾರ ಮುಚ್ಚಿರುತ್ತೆ, ಶನಿವಾರಕ್ಕೆ ಇಬ್ಬರೂ ಸೇರಿ ಹೋಗೋದೇ ವಾಸಿ.

ಮೆಟ್ರೋ ಸ್ಮಾರ್ಟ್ ಕಾರ್ಡ್‌ಗೆ ಪ್ರತಿ ಸಲ ಶೇ. 10 ರಿಯಾಯಿತಿ. ಮಹಿಳೆಯರ ಬೋಗಿಗೆ ಪ್ಲಾಟ್‌ಫಾರ್ಮ್ ನೆಲದ ಗುಲಾಬಿ ಗುರುತು ನೋಡಿ ನಿಲ್ಲಿ.

ಊಟಕ್ಕೆ ನನ್ನ ಮಟ್ಟಿಗೆ ಬಂಗ್ಲಾ ಸಾಹಿಬ್ ಗುರುದ್ವಾರವೇ ಸರಿ, ಪಟೇಲ್ ಚೌಕ್ ಮೆಟ್ರೋ ಸ್ಟೇಷನ್‌ನಿಂದ ನಡೆದು ಹೋಗಬಹುದು. ಚಪ್ಪಲಿ ಕೊಟ್ಟು, ಕಾಲು ತೊಳೆದು, ತಲೆ ಮುಚ್ಚಿ ಪಂಕ್ತಿಯಲ್ಲಿ ಕೂರಬೇಕು. ರೊಟ್ಟಿಯನ್ನ ಎರಡೂ ಕೈ ಚಾಚಿ ಪ್ರಸಾದದ ಥರ ತಗೊಳ್ಳಿ. ತಟ್ಟೆಯಲ್ಲಿ ಏನೂ ಬಿಡಬೇಡಿ.