ಅಪ್‌ಡೇಟ್: ಹುಬ್ಬಿನ ನಡುವಿನ ಗೆರೆಗೆ ಬೊಟಾಕ್ಸಾ, ಫಿಲ್ಲರಾ?

ಹುಬ್ಬಿನ ನಡುವಿನ ಗೆರೆಗೆ ಬೊಟಾಕ್ಸ್ (ಸ್ನಾಯು ಸಡಿಲಿಸೋ ಇಂಜೆಕ್ಷನ್) ಸಾಕಾ, ಫಿಲ್ಲರ್ (ಗೆರೆ ತುಂಬೋಕೆ ಚುಚ್ಚೋ ಜೆಲ್) ಬೇಕಾ ಅಂತ ಹಿಂದೆ ಕೇಳಿದ್ದೆ, ಫಿಲ್ಲರ್ ಬೇಡ ಅಂತ ಕೆಲವರು ಹೇಳಿದ್ರು. ಕೊನೆಗೆ ಬೊಟಾಕ್ಸ್ ಆಯ್ತು: ಐದು ಕಡೆ ನಾಲ್ಕು ನಾಲ್ಕು ಯೂನಿಟ್, ಒಟ್ಟು 20. ಬೊಟಾಕ್ಸ್ ಪುಡಿಯ 100 ಯೂನಿಟ್ ವಯಲ್‌ಗೆ (ಸಣ್ಣ ಬಾಟಲಿಗೆ) 2.5 ಮಿ.ಲೀ. ಸಲೈನ್ ಬೆರೆಸಿದರೆ 0.1 ಮಿ.ಲೀ.ಗೆ 4 ಯೂನಿಟ್ ಲೆಕ್ಕ. ಎಷ್ಟು ಬೆರೆಸಿದ್ರಿ ಅಂತ ಡಾಕ್ಟರನ್ನ ಕೇಳೋಕೆ ಸಂಕೋಚ ಬೇಡ. ಡಿಸ್‌ಪೋರ್ಟ್ (ಇದೇ ಬಗೆಯ ಔಷಧಿಯ ಇನ್ನೊಂದು ಬ್ರ್ಯಾಂಡ್) ಆದರೆ ಇದೇ ಜಾಗಕ್ಕೆ 50 ಯೂನಿಟ್. ಎರಡರ ಯೂನಿಟ್ ಒಂದೇ ಅಲ್ಲ, ಹಾಗಾಗಿ ಬರೀ ಯೂನಿಟ್ ರೇಟ್ ಹೋಲಿಸಿ ಮೋಸ ಹೋಗಬೇಡಿ.

ಗಂಟಿಕ್ಕಿದಾಗ ಮಾತ್ರ ಕಾಣೋ ಗೆರೆ ಇದಕ್ಕೆ ಬಗ್ಗುತ್ತೆ. ಸುಮ್ಮನಿದ್ದಾಗಲೂ ಅಚ್ಚೊತ್ತಿದಂತಿರೋದು ತೆಳುವಾಗುತ್ತೆ, ಪೂರ್ತಿ ಹೋಗಲ್ಲ. ಅಲ್ಲಿಗೆ ಫಿಲ್ಲರ್ ಬೇಡ ಅಂದವರ ಮಾತೇ ಸರಿ. ಆ ಜಾಗದ ರಕ್ತನಾಳಕ್ಕೂ ಕಣ್ಣಿನ ನಾಳಕ್ಕೂ ಸಂಪರ್ಕ ಇದೆ. ಫಿಲ್ಲರ್ ಒಳಹೊಕ್ಕರೆ ದೃಷ್ಟಿಯೇ ಹೋಗಬಹುದು.

ಬೊಟಾಕ್ಸ್‌ನ ಒಂದು ಅಡ್ಡಪರಿಣಾಮ ಕಣ್ಣಿನ ರೆಪ್ಪೆ ಜೋತು ಬೀಳೋದು. ಅದು ಆಗೋದು ಔಷಧಿ ಕೆಳಗೆ ಹರಡಿ, ರೆಪ್ಪೆ ಎತ್ತೋ ಸ್ನಾಯು ತಲುಪಿದಾಗ. ಅದಕ್ಕೇ ಹೊರಬದಿಯ ಚುಚ್ಚುಗಳು ಹುಬ್ಬಿನ ಮೂಳೆಯ ಅಂಚಿಗಿಂತ ಕನಿಷ್ಠ 1 ಸೆಂ.ಮೀ. ಮೇಲಿರಬೇಕು, ಆ ದಿನ ಹಣೆ ತಿಕ್ಕಬಾರದು, ಫೇಶಿಯಲ್ಲಂತೂ ಬೇಡವೇ ಬೇಡ. ಬಿದ್ದರೂ ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತೆ.

ಪೂರ್ತಿ ಪರಿಣಾಮ ಎರಡು ವಾರಕ್ಕೆ. ಅದಕ್ಕೂ ಮುಂಚೆ ಟಚ್‌ಅಪ್ (ಮತ್ತೆ ಸ್ವಲ್ಪ ಚುಚ್ಚಿಸೋದು) ಕೇಳಬೇಡಿ. ಮೂರು-ನಾಲ್ಕು ತಿಂಗಳಿಗೆ ಗೆರೆ ಮತ್ತೆ ಹಾಜರ್.