ಅಕೇಶಿಯಾ ಕಡಿಯುವಾಗ ಅಡಿಯಲ್ಲಿ ಎದ್ದ ಕಾಡುಮರ ಉಳಿಸುವುದು ಹೇಗೆ?

ಹೆಬ್ರಿಯವ:
ನಮಸ್ಕಾರ. ನಮ್ಮ ಮನೆ ಹಿಂದಿನ ಗುಡ್ಡೆ ರಿಸರ್ವ್ ಫಾರೆಸ್ಟ್. ಅಲ್ಲಿ ಇಲಾಖೆಯವರು ಹಿಂದೆ ನೆಟ್ಟ ಅಕೇಶಿಯಾ ಈಗ ಕಡಿಯಲು ಬಂದಿದೆ, ಮಾರ್ಕಿಂಗ್ ಮಾಡಿ ಹೋಗಿದ್ದಾರೆ. ಅಕೇಶಿಯಾ ಹೋಗುವುದಕ್ಕೆ ಬೇಸರವಿಲ್ಲ. ಆದರೆ ಇಷ್ಟು ವರ್ಷದಲ್ಲಿ ಅದರ ಅಡಿಯಲ್ಲಿ ನಮ್ಮ ಊರಿನ ಮರಗಳು ತಾವಾಗಿಯೇ ಎದ್ದಿವೆ. ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ ಪುನರ್ಪುಳಿ, ಧೂಪ, ಕಿರಾಲಬೋಗಿ ಎಲ್ಲ ಇವೆ. ಹೆಬ್ಬಲಸು ಆಳೆತ್ತರ ಬಂದಿದೆ. ಎಳೆಯ ಗಿಡದ ಎಲೆ ದೊಡ್ಡದಾಗಿ ಸೀಳು ಸೀಳಾಗಿರುತ್ತದೆ, ದೂರದಿಂದಲೇ ಗುರುತು ಸಿಗುತ್ತದೆ. ಲಾರಿಗೆ ದಾರಿ ಮಾಡಿ ಗುಡ್ಡೆ ಪೂರ್ತಿ ಬೋಳಿಸಿದರೆ ಇವೂ ಹೋದವು. ಆಮೇಲೆ ಮತ್ತೆ ಅಕೇಶಿಯಾವನ್ನೇ ನೆಡುತ್ತಾರಂತೆ. ಕೇಳಿದರೆ, ಕಾಡನ್ನು ಹೇಗೆ ನಿರ್ವಹಿಸಬೇಕು ಅಂತ ಇಲಾಖೆ ಬರೆದಿಟ್ಟ ವರ್ಕಿಂಗ್ ಪ್ಲಾನ್‌ನಲ್ಲಿ ಇದ್ದ ಹಾಗೆ ಮಾಡುತ್ತೇವೆ ಅನ್ನುತ್ತಾರೆ. ಗ್ರಾಮ ಅರಣ್ಯ ಸಮಿತಿಗೆ ಮಾರಾಟದಲ್ಲಿ ಪಾಲು ಇರುವುದರಿಂದ ಅಲ್ಲೂ ಎರಡು ಪಕ್ಷ ಆಗಿದೆ. ಏನು ಮಾಡಬಹುದು?

ನಿವೃತ್ತ ಫಾರೆಸ್ಟರ್, ಕಾರ್ಕಳ:
ಮೊದಲು ಒಂದು ನೋಡಿಕೊಳ್ಳಿ. ಆ ಗುಡ್ಡೆ ಸೋಮೇಶ್ವರ ಅಭಯಾರಣ್ಯದ ಗಡಿಯ ಒಳಗಾ, ಹೊರಗಾ? ಒಳಗಾದರೆ ಲೆಕ್ಕವೇ ಬೇರೆ. 2000ದ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಒಣಗಿದ, ಗಾಳಿಗೆ ಬಿದ್ದ ಮರವನ್ನೂ ತೆಗೆಯದಂತೆ ಆದೇಶ ಕೊಟ್ಟಿದೆ. ಬರೀ ರಿಸರ್ವ್ ಆದರೆ ಮರ ಕಡಿಯಬಹುದು, ಆದರೆ ಕೇಂದ್ರ ಒಪ್ಪಿದ ವರ್ಕಿಂಗ್ ಪ್ಲಾನ್ ಪ್ರಕಾರವೇ ಕಡಿಯಬೇಕು. ಇದು ಕಾಡು ಕಡಿಯುವುದರ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ನಡೆದ ಗೋದಾವರ್ಮನ್ ಕೇಸಿನ 1996ರ ಡಿಸೆಂಬರ್ 12ರ ಆದೇಶದಿಂದ ಬಂದದ್ದು.

ಹಾಗಾಗಿ ಆ ಪ್ಲಾನನ್ನೇ ಮಾಹಿತಿ ಹಕ್ಕಿನಲ್ಲಿ ಕೇಳಿ. ನಿಮ್ಮ ಸರ್ವೆ ನಂಬರಿಗೆ ಏನು ಬರೆದಿದ್ದಾರೆ, ತಾವಾಗಿ ಎದ್ದ ಗಿಡಗಳ ಬಗ್ಗೆ ಏನು ಹೇಳಿದ್ದಾರೆ ಓದಿ. ಸುಮ್ನೆ ಬಾಯಿಮಾತಲ್ಲಿ ಜಗಳ ಮಾಡಿದರೆ ಪ್ರಯೋಜನವಿಲ್ಲ. 1988ರ ರಾಷ್ಟ್ರೀಯ ಅರಣ್ಯ ನೀತಿ ಕಾಡಿನ ಆದಾಯ ಎರಡನೆಯದು, ಪರಿಸರದ ಸಮತೋಲನ ಮೊದಲು ಅಂತ ಸ್ಪಷ್ಟವಾಗಿ ಹೇಳುತ್ತದೆ. ಅದನ್ನೂ ಅರ್ಜಿಯಲ್ಲಿ ಸೇರಿಸಿ.

ಇನ್ನು ಕಡಿಯುವ ರೀತಿ. ಪೂರ್ತಿ ಬೋಳಿಸಿದರೆ ಬಿಸಿಲು ನೇರ ನೆಲಕ್ಕೆ ಬೀಳುತ್ತದೆ, ಮಣ್ಣಲ್ಲಿ ಬಿದ್ದಿರುವ ಅಕೇಶಿಯಾ ಬೀಜ ಒಂದೇ ಮಳೆಗೆ ಒತ್ತೊತ್ತಾಗಿ ಮೊಳೆಯುತ್ತದೆ. ಬೆಂಕಿ ಬಿದ್ದರಂತೂ ಇನ್ನೂ ಜಾಸ್ತಿ. ಧೂಪದಂಥ ಗಿಡಕ್ಕೆ ಚಿಕ್ಕದರಲ್ಲಿ ನೆರಳು ಬೇಕು, ಅದು ಅಲ್ಲೇ ಸೋಲುತ್ತದೆ. ಒಂದೆರಡು ಸಾಲು ಬಿಟ್ಟು ಒಂದು ಸಾಲು ತೆಗೆದು, ಉಳಿದದ್ದನ್ನು ಕೆಲವು ವರ್ಷ ಬಿಟ್ಟು ತೆಗೆದರೆ ಮರವೂ ಸಿಗುತ್ತದೆ, ಕಾಡೂ ಮೇಲೆ ಬರುತ್ತದೆ. ಖರ್ಚು ಸ್ವಲ್ಪ ಜಾಸ್ತಿ, ಅಷ್ಟೇ.

ಮಂಗಳೂರು ಮರದ ಮಿಲ್:
ನನ್ನದೂ ಒಂದು ಮಾತು ಕೇಳಿ ಮಾರಾಯ್ರೆ. ಮನೆ ಕಟ್ಟುವಾಗ ಬಾಗಿಲಿನ ದಾರಂದ, ಮಾಡಿನ ಪಕ್ಕಾಸು, ರೀಪು ಎಲ್ಲದಕ್ಕೂ ಜನರಿಗೆ ಮರ ಬೇಕು. ಬರ್ಮಾ 2014ರಲ್ಲಿ ದಿಮ್ಮಿ ರಫ್ತು ನಿಲ್ಲಿಸಿದ ಮೇಲೆ ನಮಗೆ ಎಷ್ಟು ಕಷ್ಟ ಆಯಿತು ನಮಗೇ ಗೊತ್ತು. ಇಲ್ಲಿ ಅಕೇಶಿಯಾ ಕೂಡ ಬೇಡ ಅಂದರೆ ಎಲ್ಲಿಂದಲೋ ಬೇರೆ ದೇಶದ ಕಾಡು ಕಡಿದು ಹಡಗಲ್ಲಿ ಬರುತ್ತದೆ. ಆ ಕಾಡೂ ಕಾಡೇ ಅಲ್ವಾ? ಪ್ಲಾಂಟೇಶನ್ ಇರುವುದರಿಂದಲೇ ಒಳ್ಳೆ ಕಾಡಿನ ಮೇಲೆ ಒತ್ತಡ ಕಡಿಮೆ ಆಗಿದೆ.

ಕುಂದಾಪುರದ ಕೃಷಿಕ:
ಮರ ಬೇಕು ನಿಜ ಅಣ್ಣ, ಆದರೆ ಅದನ್ನು ಬೆಳೆಯಲು ರೈತರನ್ನು ಬಿಡಬೇಕಲ್ಲ. ನಮ್ಮ ಜಾಗದಲ್ಲಿ ನಾವೇ ನೆಟ್ಟ ಹೆಬ್ಬಲಸು ಕಡಿಯಬೇಕಾದರೂ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅರ್ಜಿ ಹಾಕಬೇಕು, ಆರ್‌ಟಿಸಿ ಇಡಬೇಕು, ಆಮೇಲೆ ಸಾಗಿಸಲು ಪಾಸ್. ಕುಮ್ಕಿಯಲ್ಲಿ (ನಮ್ಮ ಜಾಗಕ್ಕೆ ತಾಗಿದ ಸರಕಾರಿ ಜಾಗದಲ್ಲಿ) ಇದ್ದ ಮರವಾದರೆ ಮುಟ್ಟುವ ಹಾಗೇ ಇಲ್ಲ. ಅದಕ್ಕೇ ಜನ ತಲೆಬಿಸಿ ಬೇಡ ಅಂತ ರಬ್ಬರ್ ಹಾಕುತ್ತಾರೆ, ತಾನಾಗಿ ಎದ್ದ ಕಾಡುಗಿಡವನ್ನು ಚಿಕ್ಕದರಲ್ಲೇ ಸವರಿ ಬಿಡುತ್ತಾರೆ. ಮರ ಉಳಿಸಲು ಮಾಡಿದ ನಿಯಮದಿಂದಲೇ ಮರ ಬೆಳೆಯುವವರು ಕಡಿಮೆಯಾದರು. ಇಲಾಖೆ ಗುಡ್ಡೆಯಲ್ಲಿ ಕಾಡು ಬೆಳೆಸಲಿ, ಮರದ ವ್ಯಾಪಾರ ನಮ್ಮ ತೋಟದ ಬೇಲಿಬದಿಯಲ್ಲಿ ನಡೆಯಲಿ.

ನಿವೃತ್ತ ಫಾರೆಸ್ಟರ್, ಕಾರ್ಕಳ:
ಮಿಲ್‌ನವರು ಹೇಳಿದ್ದನ್ನು ಅರ್ಧ ಒಪ್ಪುತ್ತೇನೆ. ಹಿಂದೆ ಪ್ಲೈವುಡ್‌ಗೆ, ರೈಲ್ವೆ ಸ್ಲೀಪರ್‌ಗೆ ಸಹಜ ಕಾಡಿನ ಮರವೇ ಹೋಗುತ್ತಿತ್ತು. ಆಯ್ದು ಕಡಿಯುವುದು ಅಂತ ಕಾಗದದಲ್ಲಿ ಇತ್ತು, ಆದರೆ ಒಂದು ದೊಡ್ಡ ಮರ ಉರುಳಿದರೆ ಸುತ್ತ ಎಷ್ಟು ಮರ ಮುರಿಯುತ್ತದೆ ಅಂತ ಯಾರೂ ಲೆಕ್ಕ ಇಡುತ್ತಿರಲಿಲ್ಲ. ಶಿರಸಿಯ ಸಲ್ಕಣಿಯಲ್ಲಿ 1983ರಲ್ಲಿ ಜನ ಮರ ಅಪ್ಪಿಕೊಂಡು ನಿಂತದ್ದು ಅದಕ್ಕೇ. ಆದರೆ ಕಾಡು ಮರಳಿ ಬರುತ್ತಿರುವ ಜಾಗವನ್ನು ಇನ್ನೂ ಪ್ಲಾಂಟೇಶನ್ ಅಂತಲೇ ಲೆಕ್ಕ ಹಾಕುವುದು ತಪ್ಪು. ಹಳೆ ನಕ್ಷೆಯಲ್ಲಿ ಏನಿದೆ ಅಂತ ಅಲ್ಲ, ಈಗ ನೆಲದ ಮೇಲೆ ಏನಿದೆ ಅಂತ ನೋಡಬೇಕು.

ಹೆಬ್ರಿಯವ:
ಎಲ್ಲರಿಗೂ ಥ್ಯಾಂಕ್ಸ್. ಗಡಿ ಕೇಳಿದೆ, ಅಭಯಾರಣ್ಯದ ಹೊರಗೆ ಅಂದರು. ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇನೆ. ಸಮಿತಿ ಸಭೆಯಲ್ಲಿ ಎರಡೇ ಬೇಡಿಕೆ ಇಡುತ್ತೇವೆ. ಕಡಿಯುವ ಮೊದಲು ಕಾಡುಗಿಡಗಳಿಗೆ ಬಣ್ಣ ಹಚ್ಚಿ ಗುರುತು ಮಾಡಬೇಕು, ತೋಡಿನ ಎರಡೂ ಬದಿಯಲ್ಲಿ ಲಾರಿ ಇಳಿಯಬಾರದು. ಇಂಥ ಮನವಿ ಮೊದಲು ಬರೆದವರು ಯಾರಾದರೂ ಇದ್ದರೆ ಅದರ ಪ್ರತಿ ಇಲ್ಲಿ ಹಾಕಿ, ಮಳೆ ಮುಗಿದ ಕೂಡಲೇ ಕೆಲಸ ಶುರು ಮಾಡುತ್ತಾರಂತೆ.